ನಮ್ಮ ಹಿತ್ತಲಿನ ಎರಡು ಸೂರಕ್ಕಿಗಳು

ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿಗೆ ಇನ್ನೂ ಹತ್ತು ಹನ್ನೆರಡು ದಿನಗಳಿದ್ದವು. ಮೈಸೂರಿನ ನಮ್ಮ ಹಳೆಯ ಮನೆಗೆ ಸುಣ್ಣ ಬಣ್ಣ ಮಾಡಿಸುವ ಕೆಲಸ ನಡೆದಿತ್ತು. ಜಗಲಿಯ ಮೇಲ್ಛಾವಣಿಯಿಂದ ಇಳಿಬಿದ್ದಿದ್ದ ಹಳೆಯ ವಿದ್ಯುತ್ ತಂತಿಯ ತುದಿಗೆ ಒಣಗಿದ ಎಲೆ, ನಾರು, ಜೇಡರ ಬಲೆಗಳು ಸೇರಿದ ಒಂದು ಹಿಡಿ ಕಸ ಜೋತುಬಿದ್ದಿತ್ತು. ಏಣಿಯ ಮೇಲಿದ್ದ ಹುಡುಗ “ಇದನ್ನು ತೆಗೆಯಲಾ ಸಾರ್?” ಎಂದು ಕೇಳಿದ. ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತದೆ “ತೆಗೆದುಬಿಡಪ್ಪ” ಎಂದೆ. ಪೊರಕೆಯ ಒಂದೇ ಏಟಿಗೆ ಅದು ನೆಲಕ್ಕೆ ಬಿದ್ದಿತು. ಬಿದ್ದ ರಭಸಕ್ಕೆ ಬಿರಿದ ಆ ಕಸದೊಳಗಿನಿಂದ ಕಡಲೆಕಾಯಿ ಬೀಜದಷ್ಟು ದೊಡ್ಡದಾದ ಎರಡು ಮೊಟ್ಟೆಗಳು ಹೊರಬಂದು ಒಡೆದುಹೋದವು.

ಸದ್ದು ಕೇಳಿ ಒಳಗಿನಿಂದ ಬಂದ ನಮ್ಮ ತಾಯಿಯವರು ನೆಲವನ್ನು ನೋಡಿ ನಿಂತುಬಿಟ್ಟರು. “ಕಸ ಅಂತ ಕೆಡವಿಸಿಬಿಟ್ಟೆಯೇನಪ್ಪ? ಅದು ಸೂರಕ್ಕಿ ಗೂಡಲ್ಲವೆ!” ಎಂದರು. ಅಷ್ಟರಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾದ, ಎದೆ ಹಳದಿಯಾದ ಹಕ್ಕಿಯೊಂದು ಹಾರಿಬಂದು, ಗೂಡಿದ್ದ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ಕ್ಷಣಕಾಲ ಗಾಳಿಯಲ್ಲೇ ನಿಂತು, ಮತ್ತೆ ಹೊರಗೆ ಹೋಯಿತು. ಹೀಗೆ ನಾಲ್ಕಾರು ಬಾರಿ. ಎದುರಿನ ನುಗ್ಗೆ ಮರದ ತುದಿಯಲ್ಲಿ ಕಪ್ಪು ಬಣ್ಣದ ಪುಟ್ಟ ಹಕ್ಕಿಯೊಂದು ಜೋರಾಗಿ ಕೂಗುತ್ತಿತ್ತು. “ಪಾಪ, ಗಂಡು ಅಲ್ಲಿ ಅಳುತ್ತಿದೆ” ಎಂದೆ. ತಾಯಿಯವರು ತಲೆಯಾಡಿಸಿದರು. “ಆ ಕರಿಯದಕ್ಕೂ ಈ ಗೂಡಿಗೂ ಸಂಬಂಧವಿಲ್ಲ ಕಣಪ್ಪ. ಅದೇ ಬೇರೆ, ಇದೇ ಬೇರೆ. ಇದರ ಯಜಮಾನ ಅಗೋ, ದಾಸವಾಳದ ಗಿಡದಲ್ಲಿದ್ದಾನೆ ನೋಡು” ಎಂದರು.

ಅಷ್ಟು ವರ್ಷ ಒಂದೇ ಹಿತ್ತಲಿನಲ್ಲಿ ಬಾಳಿದ್ದ ನಾನು, ಕಪ್ಪಗಿರುವುದು ಗಂಡು, ಹಳದಿಯಾಗಿರುವುದು ಹೆಣ್ಣು ಎಂದೇ ತಿಳಿದುಕೊಂಡಿದ್ದೆ. ಎರಡು ಬೇರೆ ಬೇರೆ ಸಂಸಾರಗಳನ್ನು ಒಂದು ಮಾಡಿ ನೋಡಿದ್ದೆ. ಗೂಡನ್ನು ಕೆಡವಿಸಿದ ತಪ್ಪನ್ನು ತಿದ್ದುವ ದಾರಿಯಿರಲಿಲ್ಲ. ತಿಳಿಯದಿದ್ದ ತಪ್ಪನ್ನಾದರೂ ತಿದ್ದಿಕೊಳ್ಳಬೇಕೆಂದು ಅಂದಿನಿಂದ ಈ ಹಕ್ಕಿಗಳನ್ನು ಗಮನಿಸುತ್ತಾ, ಬಲ್ಲವರು ಬರೆದುದನ್ನು ಓದುತ್ತಾ ಬಂದೆ. ಹಾಗೆ ತಿಳಿದುದನ್ನು ನಮ್ಮ ಮನೆಗಳ ಹಿರಿಯರು ಕಿರಿಯರೆಲ್ಲರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸೂರಕ್ಕಿ ಎಂದರೆ ಯಾರು?

ಹೂವಿನ ಮಕರಂದವನ್ನು ಮುಖ್ಯ ಆಹಾರವಾಗಿಸಿಕೊಂಡ, ಬಾಗಿದ ಸಣ್ಣ ಕೊಕ್ಕಿನ ಪುಟ್ಟ ಹಕ್ಕಿಗಳಿಗೆ ಕನ್ನಡದಲ್ಲಿ ಸೂರಕ್ಕಿ ಎಂಬ ಹೆಸರಿದೆ. ಈ ಕುಟುಂಬದಲ್ಲಿ 140ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಆಫ್ರಿಕಾ ಖಂಡದವು. ಉಳಿದವು ಭಾರತದಿಂದ ಮೊದಲ್ಗೊಂಡು ಆಸ್ಟ್ರೇಲಿಯದ ಉತ್ತರದ ಅಂಚಿನವರೆಗೆ ಹರಡಿವೆ. ಇವನ್ನು ಕಂಡು ಅನೇಕರು ‘ಹಮ್ಮಿಂಗ್ ಬರ್ಡ್’ ಎನ್ನುವುದುಂಟು. ಆದರೆ ಹಮ್ಮಿಂಗ್ ಬರ್ಡ್‌ಗಳು ಅಮೆರಿಕಾ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಅವು ಗಾಳಿಯಲ್ಲಿ ನಿಂತಲ್ಲೇ ನಿಂತು ಮಕರಂದ ಹೀರುತ್ತವೆ. ನಮ್ಮ ಸೂರಕ್ಕಿಗಳು ಅಪರೂಪಕ್ಕೆ ಹಾಗೆ ಮಾಡಿದರೂ ಸಾಮಾನ್ಯವಾಗಿ ರೆಂಬೆಯ ಮೇಲೋ ಹೂವಿನ ತೊಟ್ಟಿನ ಮೇಲೋ ಕುಳಿತೇ ಉಣ್ಣುತ್ತವೆ. ಆಸ್ಟ್ರೇಲಿಯದಲ್ಲಿ ಜೇನು ಹೀರುವ ಮತ್ತೊಂದು ಹಕ್ಕಿಗಳ ಕುಲವಿದೆ. ಮೂರೂ ಬೇರೆ ಬೇರೆ ವಂಶಗಳು. ಮೂರು ಖಂಡಗಳಲ್ಲಿ ಹೂವು ಕೊಟ್ಟ ಕೆಲಸ ಒಂದೇ ಆದುದರಿಂದ, ಬಾಗಿದ ಕೊಕ್ಕು ನೀಳ ನಾಲಿಗೆಗಳು ಮೂರಕ್ಕೂ ಬೇರೆ ಬೇರೆಯಾಗಿಯೇ ಒದಗಿಬಂದವು.

ಸೂರಕ್ಕಿಯ ನಾಲಿಗೆ ಕೊಳವೆಯಂತೆ ಸುರುಳಿಗೊಂಡಿದ್ದು ತುದಿಯಲ್ಲಿ ಸೀಳಿರುತ್ತದೆ. ಕೊಕ್ಕಿನಿಂದಾಚೆಗೆ ಅದನ್ನು ಚಾಚಿ ಹೂವಿನ ಬುಡದಲ್ಲಿರುವ ಹನಿಯನ್ನು ಅದು ಸೆಳೆದುಕೊಳ್ಳಬಲ್ಲುದು. ಮೈಸೂರು ನಗರದ ಮನೆಗಳ ಸುತ್ತ ನಿತ್ಯವೂ ಕಾಣಸಿಗುವ ಸೂರಕ್ಕಿಗಳು ಮುಖ್ಯವಾಗಿ ಎರಡು. ಗುರುತಿನ ಅನುಕೂಲಕ್ಕಾಗಿ ಒಂದನ್ನು ಹಳದಿ ಹೊಟ್ಟೆಯ ಸೂರಕ್ಕಿ ಎಂದೂ, ಮತ್ತೊಂದನ್ನು ಕಪ್ಪು ಸೂರಕ್ಕಿ ಎಂದೂ ಕರೆಯೋಣ. ವಿಜ್ಞಾನಿಗಳು ಮೊದಲನೆಯದನ್ನು ‘ಲೆಪ್ಟೊಕೋಮ ಝೈಲೋನಿಕ’ ಎನ್ನುತ್ತಾರೆ. 1766ರಲ್ಲಿ ಲಿನ್ನೇಯಸ್ ಅದಕ್ಕೆ ಸಿಂಹಳದ ಹೆಸರನ್ನು ಸೇರಿಸಿದನು. ಎರಡನೆಯದು ‘ಸಿನ್ನಿರಿಸ್ ಏಷಿಯಾಟಿಕಸ್’. 1790ರಲ್ಲಿ ಜಾನ್ ಲೇಥಮ್ ಎಂಬ ಆಂಗ್ಲ ಪಂಡಿತನು ಅದಕ್ಕೆ ಏಷ್ಯಾದ ಹೆಸರನ್ನಿತ್ತನು. ಎರಡೂ ಹೆಚ್ಚು ಕಡಿಮೆ ನಾಲ್ಕು ಅಂಗುಲ ಉದ್ದದವು. ಎರಡರ ತೂಕವೂ ಸಾಮಾನ್ಯವಾಗಿ ಹತ್ತು ಗ್ರಾಂ ದಾಟುವುದಿಲ್ಲ.

ಗಂಡುಗಳ ವೇಷ

ಹಳದಿ ಹೊಟ್ಟೆಯ ಸೂರಕ್ಕಿಯ ಗಂಡು ಹಲವು ಬಣ್ಣಗಳ ಹಕ್ಕಿ. ನೆತ್ತಿ ಹಸಿರು ಮಿಂಚಿನದು, ಭುಜದ ಮೇಲೊಂದು ಹಸಿರು ಹೊಳಪಿನ ಮಚ್ಚೆ, ಕೊರಳು ನೇರಳೆ, ಬೆನ್ನು ಹಾಗೂ ಕೆನ್ನೆ ಕಂದುಗೆಂಪು, ಬಾಲದ ಬುಡದ ಮೇಲ್ಭಾಗ ಕೆನ್ನೀಲಿ. ಕೊರಳಿನ ಕೆಳಗೆ ಒಂದು ಕಂದುಗೆಂಪಿನ ಪಟ್ಟಿ ಹಾದು, ಅದರಿಂದ ಕೆಳಗೆ ಹೊಟ್ಟೆಯೆಲ್ಲ ಅಚ್ಚ ಹಳದಿ. ಪಕ್ಕೆಗಳು ಮಾತ್ರ ಬೆಳ್ಳಗೆ. ಇಷ್ಟು ಬಣ್ಣಗಳನ್ನು ನೆನಪಿಡಲಾಗದವರು ‘ಮೇಲೆ ಕಪ್ಪುಗೆಂಪು, ಕೆಳಗೆ ಹಳದಿ’ ಎಂದು ನೆನಪಿಟ್ಟರೆ ಸಾಕು.

ಕಪ್ಪು ಸೂರಕ್ಕಿಯ ಗಂಡು ನಿಜದಲ್ಲಿ ಕಪ್ಪಲ್ಲ. ದೂರದಿಂದ, ಮೋಡದ ಬೆಳಕಿನಲ್ಲಿ ಅದು ಕಾಡಿಗೆಯ ಮುದ್ದೆಯಂತೆ ಕಂಡರೂ, ಬೆಳಗಿನ ಬಿಸಿಲು ಮೈಮೇಲೆ ಬಿದ್ದೊಡನೆ ನೀಲಿ, ನೇರಳೆ, ಒಮ್ಮೊಮ್ಮೆ ಹಸಿರು ಮಿಂಚುಗಳು ಮೈಯಿಡೀ ಓಡಾಡುತ್ತವೆ. ಹೊಟ್ಟೆಯಲ್ಲಿ ಹಳದಿಯ ಸುಳಿವಿಲ್ಲ. ಹೆಣ್ಣಿನ ಮುಂದೆ ಹಾಡುತ್ತಾ ಬೀಗುವಾಗ ಮಾತ್ರ ರೆಕ್ಕೆಯ ಬುಡದಲ್ಲಿ ಅಡಗಿಸಿಟ್ಟಿದ್ದ ಹಳದಿ ಕಿತ್ತಳೆ ಗರಿಗಳ ಚಿಕ್ಕ ಕುಚ್ಚುಗಳನ್ನು ಹೊರಗೆ ತೋರುತ್ತದೆ.

ಈ ಮಿಂಚಿನ ಬಣ್ಣ ಎಲ್ಲಿಂದ ಬಂತು? ಹಳದಿ ಹೊಟ್ಟೆಯ ಬಣ್ಣ ಗರಿಯೊಳಗೆ ಸೇರಿದ ವರ್ಣದ್ರವ್ಯದ್ದು. ಅದು ಎಲ್ಲ ಬೆಳಕಿನಲ್ಲಿಯೂ ಹಳದಿಯೇ. ನೀಲಿ ನೇರಳೆಗಳಾದರೋ ನವಿಲುಗರಿಯ ಬಣ್ಣದಂತೆ, ಗರಿಯ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಪದರಗಳು ಜೋಡಣೆಗೊಂಡಿರುವ ಬಗೆಯಿಂದ ಹುಟ್ಟಿದವು. ಬೆಳಕು ಬೀಳುವ ಕೋನ ಬದಲಾದೊಡನೆ ಬಣ್ಣವೂ ಬದಲಾಗುತ್ತದೆ, ಇಲ್ಲವೇ ಆರಿಹೋಗುತ್ತದೆ. ಆದುದರಿಂದ ಒಂದು ನೋಟಕ್ಕೆ ಕಪ್ಪೆಂದು ತೀರ್ಮಾನಿಸದೆ, ಹಕ್ಕಿ ಒಮ್ಮೆ ಮಗ್ಗುಲು ಬದಲಿಸುವವರೆಗೆ ಕಾಯುವುದು ಲೇಸು.

ಹೆಣ್ಣುಗಳನ್ನು ಗುರುತಿಸುವುದು ಹೇಗೆ?

ತೊಡಕು ಇರುವುದು ಇಲ್ಲಿಯೇ. ಎರಡರಲ್ಲಿಯೂ ಹೆಣ್ಣಿಗೆ ಮಿಂಚಿಲ್ಲ. ಎರಡರ ಬೆನ್ನೂ ಮಾಸಲು ಕಂದು. ಎರಡರ ಎದೆಯೂ ಹಳದಿ. ಆದರೂ ಕೊರಳನ್ನು ನೋಡಿದರೆ ಗುರುತು ಸಿಗುತ್ತದೆ. ಹಳದಿ ಹೊಟ್ಟೆಯ ಸೂರಕ್ಕಿಯ ಹೆಣ್ಣಿಗೆ ಗಂಟಲು ಬೂದು ಬಿಳುಪು. ಹಳದಿ ಶುರುವಾಗುವುದು ಎದೆಯಿಂದ. ಕಪ್ಪು ಸೂರಕ್ಕಿಯ ಹೆಣ್ಣಿಗೆ ಗಂಟಲಿನಿಂದ ಹೊಟ್ಟೆಯವರೆಗೆ ಒಂದೇ ಸಮನಾದ ತಿಳಿಹಳದಿ. ಕಣ್ಣಿನ ಮೇಲೆ ಹುಬ್ಬಿನಂಥ ಮಸುಕು ಗೆರೆಯೂ ಇರುತ್ತದೆ. ಕೊಕ್ಕಿನಲ್ಲಿಯೂ ಸ್ವಲ್ಪ ಭೇದವುಂಟು: ಕಪ್ಪು ಸೂರಕ್ಕಿಯದು ತುಸು ಉದ್ದ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಮರಿ ಮಾಡುವ ಕಾಲ ಕಳೆದ ಮೇಲೆ ಕಪ್ಪು ಸೂರಕ್ಕಿಯ ಗಂಡು ತನ್ನ ಮಿಂಚಿನ ಗರಿಗಳನ್ನು ಉದುರಿಸಿ ಹೆಣ್ಣಿನ ವೇಷವನ್ನೇ ತೊಡುತ್ತದೆ! ಆಗ ಅದನ್ನು ಗಂಡೆಂದು ಹೇಳುವುದು ಎರಡು ಕುರುಹುಗಳಿಂದ ಮಾತ್ರ: ಗದ್ದದಿಂದ ಎದೆಯ ನಡುವೆ ಹಾದು ಕೆಳಗಿಳಿಯುವ ಒಂದು ಕಪ್ಪು ಗೆರೆ ಮತ್ತು ರೆಕ್ಕೆಯ ಕಡುಬಣ್ಣ. ವಸಂತ ಸಮೀಪಿಸಿದಂತೆ ಅಲ್ಲಲ್ಲಿ ಕಪ್ಪು ತೇಪೆಗಳು ಮೂಡಿ, ಕೆಲವು ವಾರ ತೇಪೆ ಹಾಕಿದ ಅಂಗಿಯವನಂತೆ ತಿರುಗಾಡಿ, ಮತ್ತೆ ಪೂರ್ಣ ನೀಲಿಯಾಗುತ್ತದೆ. ಹಳದಿ ಹೊಟ್ಟೆಯ ಸೂರಕ್ಕಿಯ ಗಂಡಿಗೆ ಈ ವೇಷಾಂತರವಿಲ್ಲ. ಆಷಾಢದಲ್ಲಿ ನೋಡಿ, ಮಾಘದಲ್ಲಿ ನೋಡಿ, ಅದೇ ಬಣ್ಣ, ಅದೇ ಉಡುಪು.

ಹೀಗಾಗಿ, ನಾನು ಮಾಡಿದ ತಪ್ಪನ್ನು ಅನೇಕರು ಮಾಡಿರಬೇಕು. ಗಂಡು ಹೆಣ್ಣು ಬೇರೆ ಬೇರೆ ಬಣ್ಣದವೆಂದು ಕೇಳಿ ಬಲ್ಲ ನಾವು, ಕರಿಯದೊಂದು ಹಳದಿಯದೊಂದು ಒಂದೇ ಗಿಡದಲ್ಲಿ ಕಂಡೊಡನೆ ದಂಪತಿಗಳೆಂದುಕೊಳ್ಳುತ್ತೇವೆ. ಇನ್ನೂ ಒಂದು ಮಾತು. ಕಪ್ಪು ಸೂರಕ್ಕಿಯನ್ನೇ ಹೋಲುವ, ಆದರೆ ಎದ್ದು ಕಾಣುವಷ್ಟು ಉದ್ದವಾದ ಬಾಗು ಕೊಕ್ಕಿನ ಮತ್ತೊಂದು ಸೂರಕ್ಕಿಯೂ ನಮ್ಮ ಕಡೆ ಉಂಟು. ಮಲೆನಾಡು, ಕೊಡಗುಗಳಿಗೆ ಹೋದರೆ ಹಳದಿ ಹೊಟ್ಟೆಯದಕ್ಕಿಂತ ಚಿಕ್ಕದಾದ ಕಡುಗೆಂಪು ಬೆನ್ನಿನ ಸೂರಕ್ಕಿ ಸಿಗುತ್ತದೆ. ಇವನ್ನು ಮೊದಲ ಪಾಠಕ್ಕೆ ಸೇರಿಸಿಕೊಳ್ಳಬೇಕಾಗಿಲ್ಲ.

ಎರಡು ಬಗೆಯ ಸಂಸಾರ

ಬಣ್ಣಕ್ಕಿಂತ ಮುಖ್ಯವಾದ ಭೇದ ಬಾಳಿನ ರೀತಿಯಲ್ಲಿದೆ. ಹಳದಿ ಹೊಟ್ಟೆಯ ಸೂರಕ್ಕಿ ಅಚ್ಚ ಗೃಹಸ್ಥ. ಗಂಡು ಹೆಣ್ಣುಗಳು ಸಾಮಾನ್ಯವಾಗಿ ಜೊತೆಯಲ್ಲಿಯೇ ಇದ್ದು, ಅದೇ ಒಂದೆರಡು ತೋಟ, ಅದೇ ಬೇಲಿ, ಅದೇ ದಾಸವಾಳವೆಂದು ವರ್ಷವಿಡೀ ಕಳೆಯುತ್ತವೆ. ಅವುಗಳ ನಾಡೂ ಚಿಕ್ಕದು. ಭಾರತದ ಪರ್ಯಾಯ ದ್ವೀಪ, ಶ್ರೀಲಂಕಾ, ಬಾಂಗ್ಲಾದೇಶಗಳನ್ನು ಬಿಟ್ಟರೆ ಈ ಹಕ್ಕಿ ಭೂಮಿಯ ಮೇಲೆ ಬೇರೆಲ್ಲಿಯೂ ನೆಲೆಸಿಲ್ಲ. ನಮ್ಮ ಕಿಟಕಿಯ ಮುಂದೆ ದಿನವೂ ಕುಣಿಯುವ ಹಕ್ಕಿಯನ್ನು ಪರದೇಶದವರು ಇಷ್ಟು ದೂರ ಬಂದೇ ನೋಡಬೇಕು ಎಂಬುದನ್ನು ಎಷ್ಟು ಜನ ಬಲ್ಲೆವು?

ಕಪ್ಪು ಸೂರಕ್ಕಿಯ ನಾಡು ವಿಶಾಲವಾದುದು. ಪಶ್ಚಿಮದಲ್ಲಿ ಅರೇಬಿಯ, ಇರಾನ್‌ಗಳಿಂದ ಹಿಡಿದು ಭಾರತವನ್ನೆಲ್ಲ ವ್ಯಾಪಿಸಿ ಪೂರ್ವದಲ್ಲಿ ವಿಯೆಟ್ನಾಂವರೆಗೆ ಅದು ಹಬ್ಬಿದೆ. ಒಣ ಕುರುಚಲು ಕಾಡು, ಮುಳ್ಳುಕಂಟಿ, ಹೊಲದ ಬದು, ಪಟ್ಟಣದ ಉದ್ಯಾನ ಎಲ್ಲವೂ ಅದಕ್ಕೆ ಒಗ್ಗುತ್ತವೆ. ಹೂವು ಎಲ್ಲಿ ಅರಳಿತೋ ಅಲ್ಲಿಗೆ ಅದು ಹೋಗುತ್ತದೆ. ಅದರ ಮರಿ ಮಾಡುವ ಕಾಲ ಹೆಚ್ಚಾಗಿ ಮಾಗಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ. ಆಗ ಗಂಡು ಮರದ ತುದಿಯಲ್ಲೋ ತಂತಿಯ ಮೇಲೋ ಎದ್ದು ಕಾಣುವಂತೆ ಕುಳಿತು, ಲೋಹದ ತಾಳದಂಥ ಚುರುಕು ಸ್ವರದಲ್ಲಿ ಹಾಡುತ್ತದೆ. ಅಂದು ನುಗ್ಗೆಯ ತುದಿಯಲ್ಲಿ ನಾನು ಕೇಳಿದ್ದು ಅಳುವಲ್ಲ, ಆ ಹಾಡು. ಹಳದಿ ಹೊಟ್ಟೆಯದರ ದನಿ ಇದಕ್ಕಿಂತ ಕ್ಷೀಣ. ಎಲೆಗಳ ನಡುವಿನಿಂದ ‘ಸೀ... ಸೀ...’ ಎಂದು ಕೇಳಿಬರುತ್ತದೆ. ಅದಕ್ಕೆ ಮರಿ ಮಾಡಲು ಇಂಥದೇ ತಿಂಗಳೆಂಬ ಕಟ್ಟುಪಾಡಿಲ್ಲ. ವರ್ಷದ ಯಾವ ಭಾಗದಲ್ಲಾದರೂ ಗೂಡು ಸಿಗಬಹುದು.

ಗೂಡೆಂಬ ತೂಗುತೊಟ್ಟಿಲು

ಎರಡರ ಗೂಡೂ ತೂಗಾಡುವ ಚೀಲ. ಕಟ್ಟುವ ಕೆಲಸ ಬಹುಮಟ್ಟಿಗೆ ಹೆಣ್ಣಿನದು. ಕೊಕ್ಕಿನ ತುಂಬ ಜೇಡರ ಬಲೆಯನ್ನು ಸುತ್ತಿ ತಂದು ರೆಂಬೆಯ ತುದಿಗೋ ತಂತಿಗೋ ಅಂಟಿಸಿ, ಅದಕ್ಕೆ ಸಣ್ಣ ನಾರು, ತೊಗಟೆಯ ಚೂರು, ಒಣ ಎಲೆ, ಕಲ್ಲುಹೂವು, ಹಾರುವ ಬೀಜಗಳನ್ನು ಪೋಣಿಸುತ್ತದೆ. ಜೇಡರ ನೂಲೇ ಅದರ ಗಾರೆ. ಹಿಗ್ಗಿ ಕುಗ್ಗಬಲ್ಲ ಆ ನೂಲಿನ ಗುಣದಿಂದಲೇ ಗಾಳಿಗೆ ತೂಗಿದರೂ ಗೂಡು ಹರಿಯುವುದಿಲ್ಲ. ಒಳಗೆ ಎಕ್ಕದ ಅರಳೆಯಂಥ ಮೆತ್ತನೆಯ ಹಾಸಿಗೆ. ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು. ಬಾಗಿಲ ಮೇಲೆ ಮಳೆ ಬಿಸಿಲು ತಡೆಯಲು ಹೊರಚಾಚಿದ ಸೂರು. ಹೊರಮೈಗೆ ಅಂಟಿಸಿದ ತೊಗಟೆ ಎಲೆಗಳ ಚೂರುಗಳಿಂದಾಗಿ ಅದು ನೋಡುವವರಿಗೆ ಗೂಡೆನಿಸದೆ, ಬಲೆಗೆ ಸಿಕ್ಕಿಕೊಂಡ ಕಸವೆನಿಸುತ್ತದೆ. ಕಾಗೆ, ಮಟಪಕ್ಷಿಗಳ ಕಣ್ಣಿನಿಂದ ಮರಿಗಳನ್ನು ಕಾಪಾಡುವ ಈ ಉಪಾಯವೇ ಮನುಷ್ಯನ ಪೊರಕೆಯ ಮುಂದೆ ಅದಕ್ಕೆ ಮುಳುವಾಗುತ್ತದೆ.

ಗೂಡಿಗೆ ಆರಿಸುವ ಜಾಗದಲ್ಲಿ ಎರಡಕ್ಕೂ ಒಲವು ಬೇರೆ. ಕಪ್ಪು ಸೂರಕ್ಕಿ ಹೆಚ್ಚಾಗಿ ಕಂಟಿ, ಮುಳ್ಳುಗಿಡ, ಬೇಲಿಗಳ ತಗ್ಗಿನ ರೆಂಬೆಯನ್ನು ನೆಚ್ಚುತ್ತದೆ. ಹಳದಿ ಹೊಟ್ಟೆಯದು ಗಿಡಗಳ ಜೊತೆಗೆ ಮನೆಯ ಜಗಲಿ, ಮುಂಗಟ್ಟು, ದೀಪದ ತಂತಿ, ಬಟ್ಟೆ ಒಣಗಿಸುವ ಹಗ್ಗಗಳನ್ನೂ ಧೈರ್ಯವಾಗಿ ಒಪ್ಪಿಕೊಳ್ಳುತ್ತದೆ. ಮನೆಯೊಳಗೇ ಗೂಡು ಕಟ್ಟಿದ ನಿದರ್ಶನಗಳುಂಟು. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ. ಹಳದಿ ಹೊಟ್ಟೆಯದರ ಮರಿಗಳು ಒಡೆದು ಬಂದ ಮೇಲೆ ಹದಿನೇಳು ದಿನಗಳ ಸುಮಾರಿಗೆ ಗೂಡು ಬಿಡುತ್ತವೆ. ಹಳೆಯ ಗೂಡನ್ನೇ ದುರಸ್ತಿ ಮಾಡಿ ಮತ್ತೊಂದು ಬಾರಿ ಮೊಟ್ಟೆಯಿಡುವುದೂ ಉಂಟು. ಮರಿಗಳಿಗೆ ತಂದೆ ತಾಯಿಗಳಿಬ್ಬರೂ ತಿನಿಸು ತರುತ್ತವೆ. ಆ ತಿನಿಸು ಮಕರಂದವಷ್ಟೇ ಅಲ್ಲ. ಬೆಳೆಯುವ ಮೈಗೆ ಸಾರ ಬೇಕಾದುದರಿಂದ ಸಣ್ಣ ಹುಳು, ಕಂಬಳಿಹುಳು, ಜೇಡಗಳನ್ನು ದಿನವಿಡೀ ಹೆಕ್ಕಿ ತರುತ್ತವೆ.

ಹೂವಿನೊಡನೆ ಋಣಾನುಬಂಧ

ಹಕ್ಕಿ ಹೂವಿನಿಂದ ಪಡೆಯುವುದಷ್ಟೇ ಅಲ್ಲ, ಕೊಡುವುದೂ ಉಂಟು. ಮಕರಂದಕ್ಕಾಗಿ ಮುಖವೊಡ್ಡಿದಾಗ ಹಣೆ, ಗದ್ದಗಳಿಗೆ ಅಂಟಿದ ಪರಾಗ ಮುಂದಿನ ಹೂವಿಗೆ ತಲುಪುತ್ತದೆ. ನಮ್ಮ ನಾಡಿನ ಪಕ್ಷಿಶಾಸ್ತ್ರದ ಹಿರಿಯರಾದ ಸಲೀಂ ಅಲಿಯವರು ಹೂವನ್ನು ನೆಚ್ಚಿದ ಹಕ್ಕಿಗಳನ್ನೂ ಹಕ್ಕಿಯನ್ನು ನೆಚ್ಚಿದ ಹೂಗಳನ್ನೂ ಕುರಿತು 1930ರ ದಶಕದ ಆರಂಭದಲ್ಲಿಯೇ ದೀರ್ಘ ಲೇಖನವನ್ನು ಬರೆದಿದ್ದರು. ಅವರೇ ಮುಂದೆ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದರು. ಅವರ ಸಲಹೆಯಿಂದಲೇ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು.

ಮಾವು, ಹೊಂಗೆ ಮರಗಳ ಮೇಲೆ ಬೆಳೆಯುವ ಬಂದಳಿಕೆಯ ಕಥೆಯನ್ನೇ ನೋಡಿ. ಅದರ ಕೊಳವೆಯಾಕಾರದ ಹೂಗಳಿಗೆ ಪರಾಗ ಹೊರುವವು ಮುಖ್ಯವಾಗಿ ಸೂರಕ್ಕಿಗಳು. ಹಣ್ಣು ತಿಂದು ಅಂಟು ಬೀಜವನ್ನು ಬೇರೆ ಕೊಂಬೆಗೆ ಒರೆಸಿ ಹೋಗುವುದು ಬದನಿಕೆ ಹಕ್ಕಿ ಎಂಬ ಇನ್ನೂ ಚಿಕ್ಕ ಹಕ್ಕಿ. ತೋಟಗಾರನಿಗೆ ಬಂದಳಿಕೆ ಬೇಡವಾದರೂ ಈ ಎರಡು ಹಕ್ಕಿಗಳ ಹೊಟ್ಟೆಪಾಡಿಗೆ ಅದು ಆಧಾರ. ಮುತ್ತುಗದ ವಿಷಯ ಇನ್ನೂ ಹತ್ತಿರದ್ದು. ದಾಸೋಹದ ಪಂಕ್ತಿಯಲ್ಲಿ ಮುತ್ತುಗದ ಎಲೆಯಲ್ಲಿ ಉಂಡ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಎಲೆ ಉದುರಿ ಮರವೆಲ್ಲ ಕೆಂಡದ ಬಣ್ಣದ ಹೂವಾದಾಗ ಅದರ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುವುದರಲ್ಲಿ ಕಪ್ಪು ಸೂರಕ್ಕಿಗೆ ಮುಖ್ಯ ಪಾತ್ರವಿದೆಯೆಂದು ಅಧ್ಯಯನಗಳು ತೋರಿಸಿವೆ.

ಇವು ಸದಾ ಪ್ರಾಮಾಣಿಕ ಕೆಲಸಗಾರರೆಂದು ತಿಳಿಯಬೇಕಾಗಿಲ್ಲ. ಹೂವಿನ ಕೊಳವೆ ತೀರ ಉದ್ದವಾಗಿದ್ದು ಕೊಕ್ಕು ಎಟುಕದಿದ್ದರೆ, ಬುಡಕ್ಕೆ ತೂತು ಕೊರೆದು ಜೇನನ್ನು ಕದಿಯುವುದೂ ಉಂಟು. ಆಗ ಪರಾಗದ ಸೇವೆ ಸಲ್ಲುವುದಿಲ್ಲ.

ಮೈಸೂರಿನಲ್ಲಿ ಎಲ್ಲಿ ನೋಡಬಹುದು?

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿ, ಅದಕ್ಕೆ ಹೊಂದಿಕೊಂಡ ಮಾನಸಗಂಗೋತ್ರಿಯ ಆವರಣ, ಮೃಗಾಲಯದ ಮಗ್ಗುಲಿನ ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆಯ ಸುತ್ತಿನ ದಾರಿ, ಇವೆಲ್ಲ ಎರಡೂ ಸೂರಕ್ಕಿಗಳನ್ನು ಹೋಲಿಸಿ ನೋಡಲು ಒಳ್ಳೆಯ ಜಾಗಗಳು. ಚಾಮುಂಡಿ ಬೆಟ್ಟದ ತಪ್ಪಲಿನ ಕುರುಚಲಿನಲ್ಲಿ ಕಪ್ಪು ಸೂರಕ್ಕಿಯ ಹಾಡಿಗೆ ಕಿವಿಗೊಡಿ. ಬೆಳಗ್ಗೆ ಒಂಬತ್ತರೊಳಗೆ ಹೋದರೆ ಲೇಸು. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ. ಹೂಬಿಟ್ಟ ಒಂದು ಬೂರುಗವನ್ನೋ ಹಾಲುವಾಣವನ್ನೋ ಹುಡುಕಿ ಅದರ ಕೆಳಗೆ ಕಾಲು ಗಂಟೆ ಅಲುಗದೆ ನಿಂತರೆ ಹಕ್ಕಿಗಳೇ ಬರುತ್ತವೆ.

ಆದರೆ ಕೆರೆಯವರೆಗೆ ಹೋಗಬೇಕಾದ ಅಗತ್ಯ ಮೊದಲಿರಲಿಲ್ಲ. ಒಂದು ತಲೆಮಾರಿನ ಹಿಂದೆ ಮೈಸೂರಿನ ಬಡಾವಣೆಗಳಲ್ಲಿ ಮನೆಯೆಂದರೆ ಮುಂದೆ ಒಂದಿಷ್ಟು ಅಂಗಳ, ಹಿಂದೆ ಒಂದಿಷ್ಟು ಹಿತ್ತಲು ಇದ್ದೇ ಇರುತ್ತಿದ್ದವು. ಹಿತ್ತಲಲ್ಲಿ ನುಗ್ಗೆ, ಬಾಳೆ, ದಾಳಿಂಬೆ; ಅಂಗಳದಲ್ಲಿ ದಾಸವಾಳ, ಕೇಪಳ, ಕಣಗಿಲೆ, ಬಿಲ್ವಪತ್ರೆ. ಈಗ ನಿವೇಶನದ ಅಂಚಿನವರೆಗೆ ಕಟ್ಟಡ, ಉಳಿದೆಡೆಗೆ ಸಿಮೆಂಟು, ಅದರ ಮೇಲೆ ಕಾರು. ಕುಂಡದಲ್ಲಿರುವ ಗಿಡವಾದರೂ ಎಸಳು ತುಂಬಿದ ಸುರುಳಿ ದಾಸವಾಳ. ಮಕರಂದಕ್ಕೆ ಎಟುಕುವ ದಾರಿ ಅದರಲ್ಲಿ ಕಷ್ಟ.

ಎರಡೂ ಹಕ್ಕಿಗಳು ಇಂದಿಗೂ ವಿಪುಲವಾಗಿವೆ. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಇವುಗಳ ಹೆಸರಿಲ್ಲ. ಸೂರಕ್ಕಿ ಲೋಕದಿಂದ ಮರೆಯಾದೀತೆಂದು ಹೆದರಿಸುವುದು ಸತ್ಯವಾಗಲಾರದು. ಆದರೆ ನಮ್ಮ ಮನೆಯಿಂದ ಅದು ಮರೆಯಾಗಬಹುದು. ಇಲ್ಲಿಯೇ ಎರಡರ ಭೇದವನ್ನು ಅರಿಯುವುದರ ಪ್ರಯೋಜನ. ಊರೂರು ಸುತ್ತಬಲ್ಲ ಕಪ್ಪು ಸೂರಕ್ಕಿಗೆ ಇಲ್ಲಿ ಹೂವಿಲ್ಲದಿದ್ದರೆ ಬೆಟ್ಟದ ತಪ್ಪಲಿದೆ. ಒಂದೇ ಹಿತ್ತಲನ್ನು ವರ್ಷವಿಡೀ ನಂಬಿದ ಹಳದಿ ಹೊಟ್ಟೆಯ ಜೋಡಿಗೆ ಆ ಹಿತ್ತಲು ಹೋದರೆ ನೆಲೆಯೇ ಹೋಯಿತು.

ಮನೆಯವರು ಮಾಡಬಹುದಾದುದು

ಖರ್ಚಿಲ್ಲದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಬೆಳಗ್ಗೆ ಪೂಜೆಗೆ ಹೂ ಕೊಯ್ಯುವಾಗ ಗಿಡವನ್ನು ಬರಿದು ಮಾಡದೆ ನಾಲ್ಕು ಹೂಗಳನ್ನಾದರೂ ಉಳಿಸಿ. ಗಿಡದಲ್ಲಿ ಉಳಿದ ಹೂ ವ್ಯರ್ಥವಾಗುವುದಿಲ್ಲ. ಅದು ಒಂದು ಜೀವದ ಬೆಳಗಿನ ಊಟ. ಹೊಸ ಗಿಡ ನೆಡುವವರು ಐದೆಸಳಿನ ಹಳೆಯ ದಾಸವಾಳ, ಕೇಪಳ, ರತ್ನಗಂಧಿ, ಆಡುಸೋಗೆಗಳನ್ನು ಆರಿಸಿಕೊಳ್ಳಲಿ. ಒಂದು ಬಾಳೆಯಿದ್ದರೆ ಅದರ ಹೂಮೊಗ್ಗು ತಿಂಗಳುಗಟ್ಟಲೆ ಜೇನು ಕೊಡುತ್ತದೆ.

ಮನೆಯೊಳಗಿನ ಜೇಡರ ಬಲೆಯನ್ನು ತೆಗೆಯಿರಿ. ಬೇಲಿಯ, ಗಿಡಗಳ ನಡುವಿನ ಬಲೆಯನ್ನು ಬಿಡಿ. ಅದು ಹಕ್ಕಿಯ ಮನೆ ಕಟ್ಟುವ ಸಾಮಾನು. ಎಲೆಗೆ ನಾಲ್ಕು ಹುಳು ಬಿದ್ದವೆಂದು ವಿಷದ ಔಷಧಿ ಸಿಂಪಡಿಸುವ ಮುನ್ನ, ಆ ಹುಳುಗಳನ್ನು ನೆಚ್ಚಿದ ಮರಿಗಳು ಹತ್ತಿರದಲ್ಲಿ ಇರಬಹುದೆಂದು ಯೋಚಿಸಿ.

ಮರಿ ಮಾಡುವ ಕಾಲದಲ್ಲಿ ಗಂಡು ಸೂರಕ್ಕಿ ಕಿಟಕಿಯ ಗಾಜಿನಲ್ಲಿಯೋ ಸ್ಕೂಟರಿನ ಕನ್ನಡಿಯಲ್ಲಿಯೋ ತನ್ನ ಪ್ರತಿಬಿಂಬವನ್ನು ಕಂಡು, ಎದುರಾಳಿಯೆಂದು ಭ್ರಮಿಸಿ ಗಂಟೆಗಟ್ಟಲೆ ಕುಕ್ಕುವುದುಂಟು. ಇದನ್ನು ಶಕುನವೆಂದು ಹೆದರುವವರೂ ಇದ್ದಾರೆ. ಶಕುನವೇನೂ ಇಲ್ಲ. ಕನ್ನಡಿಗೆ ಒಂದು ಬಟ್ಟೆಯ ಚೀಲ ತೊಡಿಸಿದರೆ ಹಕ್ಕಿಯ ದಣಿವು ತಪ್ಪುತ್ತದೆ.

ಗೂಡು ಕಂಡರೆ ಮುಟ್ಟಬೇಡಿ, ಬೇರೆಡೆಗೆ ಸರಿಸಬೇಡಿ. ಮಕ್ಕಳಿಗೆ ದೂರದಿಂದ ತೋರಿಸಿ. ಕಾಡುಹಕ್ಕಿಗಳ ಮೊಟ್ಟೆ ಒಡೆಯುವುದನ್ನೂ ಗೂಡು ಕದಡುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ. ಕಾಯಿದೆಯ ಮಾತಿರಲಿ, ಕಟ್ಟಲು ಹಿಡಿಯುವ ದಿನಗಳನ್ನೂ ಸೇರಿಸಿದರೆ, ಅದು ನಮ್ಮಲ್ಲಿ ಕೇಳುವುದು ಒಂದೂವರೆ ತಿಂಗಳ ಬಿಡಾರ ಮಾತ್ರ.

ಕಾದ ಗೋಡೆ

ಗೂಡು ಕೆಡವಿಸಿದ ಆ ಯುಗಾದಿಯ ನಂತರ ಎಷ್ಟೋ ದಿನ ನಮ್ಮ ಜಗಲಿಯ ತಂತಿ ಬರಿದಾಗಿಯೇ ಇತ್ತು. ಮನೆ ಹೊಸ ಬಣ್ಣದಿಂದ ಹೊಳೆಯುತ್ತಿತ್ತು. ತಾಯಿಯವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಬೆಳಗ್ಗೆ ಹೂ ಬಿಡಿಸುವಾಗ ದಾಸವಾಳದ ಮೇಲಿನ ಕೊಂಬೆಗಳನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದರು. ಅದು ವಯಸ್ಸಿನಿಂದ ಕೈ ಎಟುಕದೆ ಬಿಟ್ಟದ್ದೆಂದು ನಾನು ಬಹುಕಾಲ ತಿಳಿದಿದ್ದೆ.

ಮುಂದೆ ಒಂದು ವರ್ಷ ದೀಪಾವಳಿಗೆ ಮುಂಚೆ ಜಗಲಿಯ ಗೋಡೆಗೆ ಬಣ್ಣ ಹಚ್ಚಿಸಬೇಕೆಂದು ಆಳುಗಳನ್ನು ಕರೆಸಿದೆ. ಅವರು ಏಣಿ ಇಡುವ ಮೊದಲು ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದೆ. ಅದೇ ತಂತಿ, ಅದೇ ಒಂದು ಹಿಡಿ ಕಸ. ಪಕ್ಕದ ಪುಟ್ಟ ಬಾಗಿಲಿನಿಂದ ಬಾಗಿದ ಕೊಕ್ಕೊಂದು ಹೊರಗೆ ಕಾಣುತ್ತಿತ್ತು. ಗಂಟಲು ಬೂದು ಬಿಳುಪು, ಎದೆ ಹಳದಿ. ಈ ಬಾರಿ ಯಾರನ್ನೂ ಕೇಳದೆಯೇ ಗುರುತು ಸಿಕ್ಕಿತು. ಆಳುಗಳಿಗೆ ಅರ್ಧ ದಿನದ ಕೂಲಿ ಕೊಟ್ಟು, ಹಬ್ಬ ಕಳೆದ ಮೇಲೆ ಬರಲು ಹೇಳಿ ಕಳುಹಿಸಿದೆ. ಬಣ್ಣವಿಲ್ಲದ ಗೋಡೆಯ ಮುಂದೆಯೇ ಹಣತೆಗಳನ್ನು ಗೂಡಿನಿಂದ ದೂರದಲ್ಲಿಟ್ಟು ಹಬ್ಬ ಮಾಡಿದೆವು. ಮನೆಗೆ ಬಂದವರಲ್ಲಿ ಇಬ್ಬರು ಮೂವರು “ಈ ಸಲ ಬಣ್ಣ ಬಳಿಸಲಿಲ್ಲವೆ?” ಎಂದು ಕೇಳಿದರು. ತಾಯಿಯವರು ಉತ್ತರ ಕೊಡದೆ ಅವರನ್ನು ಜಗಲಿಯ ಮೂಲೆಗೆ ಕರೆದೊಯ್ದು, ಬೆರಳನ್ನು ತುಟಿಯ ಮೇಲಿಟ್ಟು, ಮೇಲೆ ತೋರಿಸುತ್ತಿದ್ದರು.